ಕೊಟ್ಟವನ ಕ್ರಿಯಾಪದ, ಕೊಂಡವನ ಕ್ರಿಯಾಪದ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಹಂಗಾಮು ಏರಿ, ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಕಾಯಿಗಳ ಚೀಲಗಳು ಮಾರುಕಟ್ಟೆಯ ಪ್ರಾಂಗಣವನ್ನೆಲ್ಲ ತುಂಬಿಕೊಂಡಿರುವ ದಿನಗಳಲ್ಲಿ, ಅಲ್ಲಿ ಕೈಯಿಂದ ಕೈಗೆ ದಾಟುವ ಹಣಕ್ಕೆ ಎಷ್ಟು ಹೆಸರುಗಳುಂಟೆಂಬುದನ್ನು ಕಿವಿಗೊಟ್ಟು ಕೇಳಿದವರು ಬೆರಗಾಗದೆ ಇರಲಾರರು. ಬಿತ್ತನೆಯ ಕಾಲಕ್ಕೆ ದಲಾಲಿ ಅಂಗಡಿಯಿಂದ ತಂದುದು ಮುಂಗಡ; ಗೊಬ್ಬರದ ಅಂಗಡಿಯಲ್ಲಿ ಹೆಸರಿಗೆ ಬರೆಯಿಸಿ ಬಂದುದು ಉದ್ರಿ; ಆಪ್ತನಾದವನಿಂದ ಕಾಗದಪತ್ರವಿಲ್ಲದೆ ಪಡೆದುದು ಕೈಗಡ; ಸಹಕಾರಿ ಸಂಘದಿಂದ ಎತ್ತಿದುದು ಸಾಲ. ಇಷ್ಟೊಂದು ಸೂಕ್ಷ್ಮಭೇದಗಳನ್ನು ತೊಟ್ಟಿಲಿನಿಂದಲೇ ಕೇಳುತ್ತ ಬೆಳೆದ ಮಕ್ಕಳು, ಶಾಲೆಯ ಇಂಗ್ಲಿಷ್ ಪಾಠದಲ್ಲಿ ‘ಬಾರೋ’, ‘ಲೆಂಡ್’ ಎಂಬ ಎರಡು ಕ್ರಿಯಾಪದಗಳು ಎದುರಾದೊಡನೆ ತಬ್ಬಿಬ್ಬಾಗುತ್ತಾರೆ. ಇದನ್ನು ಮಕ್ಕಳ ಮಂದಮತಿಯೆಂದು ತಿಳಿಯುವವರುಂಟು. ಆ ಮಕ್ಕಳ ತಾಯ್ನುಡಿಯು ಇದೇ ವಿಷಯದಲ್ಲಿ ಏನು ಮಾಡುತ್ತದೆಂಬುದನ್ನು ನಾವು ಅವರಿಗೆ ಹೇಳಿಕೊಡದೆ ಉಳಿದದ್ದರಿಂದಲೇ ಈ ತೊಡಕು ಹುಟ್ಟಿದೆಯೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಆ ಎರಡು ಪದಗಳ ಸ್ವರೂಪವನ್ನು ನೋಡೋಣ. ಹಿಂದಿರುಗಿಸುವ ನಿಬಂಧನೆಯ ಮೇಲೆ ಒಂದು ವಸ್ತು ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ. ನಡೆದ ಕಾರ್ಯ ಒಂದೇ, ಅದಕ್ಕೆ ಭಾಗಿಗಳು ಇಬ್ಬರು. ಆ ಕಾರ್ಯವನ್ನು ಕೊಟ್ಟವನ ಕಡೆಯಿಂದ ನೋಡಿ ಅವನನ್ನು ಕರ್ತೃವನ್ನಾಗಿ ಮಾಡಿದರೆ ‘ಲೆಂಡ್’ ಆಗುತ್ತದೆ. ಪಡೆದವನ ಕಡೆಯಿಂದ ನೋಡಿ ಅವನನ್ನು ಕರ್ತೃಸ್ಥಾನದಲ್ಲಿ ಕೂರಿಸಿದರೆ ‘ಬಾರೋ’ ಆಗುತ್ತದೆ. ‘ಲೆಂಡ್’ ಎಂಬುದು ದ್ವಿಕರ್ಮಕ: ಯಾರಿಗೆ ಕೊಟ್ಟರೋ ಅವನನ್ನೂ, ಏನನ್ನು ಕೊಟ್ಟರೋ ಅದನ್ನೂ ಅದು ಬರಿಗೈಯಲ್ಲಿ, ಎಂದರೆ ನಡುವೆ ಉಪಸರ್ಗವಿಲ್ಲದೆಯೇ, ಹೊತ್ತುಕೊಳ್ಳಬಲ್ಲದು, ವಸ್ತುವನ್ನು ಮೊದಲು ಹೇಳಿದರೆ ಮಾತ್ರ ಮನುಷ್ಯನ ಹೆಸರಿಗೆ ಮೊದಲು ‘ಟು’ ಬರಬೇಕಾಗುತ್ತದೆ. ‘ಬಾರೋ’ ಎಂಬುದಕ್ಕೆ ಆ ಶಕ್ತಿಯಿಲ್ಲ. ಅದಕ್ಕೆ ವಸ್ತುವೊಂದೇ ಕರ್ಮ, ಕೊಟ್ಟವನನ್ನು ಹೇಳಬೇಕಾದರೆ ‘ಫ್ರಮ್’ ಎಂಬುದನ್ನು ಮುಂದಿಟ್ಟೇ ಹೇಳಬೇಕು. ಮೊದಲನೆಯದರ ಭೂತರೂಪ ‘ಲೆಂಟ್’ ಎಂದು ಮಾರ್ಪಡುತ್ತದೆ, ಎರಡನೆಯದರದು ಸಾಮಾನ್ಯ ನಿಯಮದಂತೆ ನಡೆಯುತ್ತದೆ. ಇವೆರಡಕ್ಕೂ ಸಮಾನವಾದ ನಾಮಪದ ‘ಲೋನ್’. ಅಮೆರಿಕದವರು ಅದನ್ನೇ ಕೊಡುವವನ ಕ್ರಿಯಾಪದವನ್ನಾಗಿಯೂ ಧಾರಾಳವಾಗಿ ಬಳಸುತ್ತಾರೆ.

ಈ ಇಬ್ಬಗೆಯು ಭಾಷೆಗಳಿಗೆಲ್ಲ ಸಹಜವಾದ ಧರ್ಮವೆಂದು ಭಾವಿಸಬೇಕಾದ್ದಿಲ್ಲ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ‘ಲೈಯೆನ್’ ಎಂಬ ಒಂದೇ ಕ್ರಿಯಾಪದವು ಕೊಡುವುದಕ್ಕೂ ಪಡೆಯುವುದಕ್ಕೂ ಸಲ್ಲುತ್ತದೆ; ಸ್ವೀಡಿಷರೂ ಒಂದೇ ಪದದಿಂದ ಎರಡನ್ನೂ ಹೇಳುತ್ತಾರೆ. ಆದುದರಿಂದ ಇವೆರಡನ್ನು ಅದಲುಬದಲು ಮಾಡುವ ರಾಣೆಬೆನ್ನೂರಿನ ಬಾಲಕಿಯು, ಯೂರೋಪಿನ ಕೋಟ್ಯಂತರ ಜನ ನಿತ್ಯವೂ ಮಾಡುವುದನ್ನೇ ಮಾಡುತ್ತಾಳೆ. ಅವಳು ಅಕ್ಕೋರ ಮುಂದೆ ಎದ್ದು ನಿಂತು, ಪೆನ್ನೊಂದು ಬೇಕೆಂಬುದನ್ನು ಇಂಗ್ಲಿಷಿನಲ್ಲಿ ಹೇಳಹೊರಟಾಗ, ‘ಲೆಂಡ್’ ಇರಬೇಕಾದ ಕಡೆ ‘ಬಾರೋ’ ಎಂದು ಇಟ್ಟು, ಅದರ ಹಿಂದೆಯೇ ‘ಮಿ’ ಎಂದು ಸೇರಿಸುತ್ತಾಳೆ. ಅಕ್ಕೋರು ತಪ್ಪೆನ್ನುತ್ತಾರೆ, ಹಲಗೆಯ ಮೇಲೆ ಎರಡು ಪದಗಳನ್ನು ಬರೆದು, ಒಂದರ ಮುಂದೆ ಸಾಲ ಕೊಡು ಎಂದೂ ಇನ್ನೊಂದರ ಮುಂದೆ ಸಾಲ ತೆಗೆದುಕೊ ಎಂದೂ ಅರ್ಥ ಬರೆಯುತ್ತಾರೆ, ಬಿಟ್ಟ ಸ್ಥಳ ತುಂಬುವ ಐದಾರು ವಾಕ್ಯಗಳನ್ನು ಮಾಡಿಸುತ್ತಾರೆ. ಹುಡುಗಿ ಅಂದಿಗೆ ಸರಿಯಾಗಿ ತುಂಬುತ್ತಾಳೆ. ವಾರ ಕಳೆದ ಮೇಲೆ ಮತ್ತೆ ಹಿಂದಿನದೇ ವಾಕ್ಯ ಅವಳ ಬಾಯಿಂದ ಹೊರಡುತ್ತದೆ. ಅವಳಿಗೆ ಪದದ ಅರ್ಥವನ್ನು ಹೇಳಿದರೇ ಹೊರತು, ಆ ಪದಕ್ಕೆ ಹೊಂದುವ ಅನುಭವವು ಅವಳ ನಾಲಗೆಯ ಮೇಲೆ ಆಗಲೇ ಇದೆಯೆಂಬುದನ್ನು ಯಾರೂ ತೋರಿಸಲಿಲ್ಲ.

ಅದೇ ಹುಡುಗಿ ಸಂಜೆ ಮನೆಗೆ ಬರುತ್ತಾಳೆ. ತಾಯಿ ಒಲೆಯ ಮುಂದಿನಿಂದ ಏಳದೆ, ನೆರೆಮನೆಗೆ ಹೋಗಿ ಬಾರೆಂದು ಕಳಿಸುತ್ತಾಳೆ. ಹುಡುಗಿ ಹೊಸಿಲ ಹೊರಗೇ ನಿಂತು, “ಅತ್ತೀ, ಅವ್ವ ಒಂದ್ ಸೇರ್ ಜ್ವಾಳದ ಹಿಟ್ಟು ಕಡಾ ಇಸ್ಕೊಂಡ್ ಬಾ ಅಂದಾಳ್ರಿ” ಎನ್ನುತ್ತಾಳೆ. “ತಗೊಂಡ್ ಹೋಗವಾ, ಕಡಾ ಕೊಡಾಕ ಏನಾಗೈತಿ” ಎಂದು ಆಕೆ ಅಳೆದು ಕೊಡುತ್ತಾಳೆ. ನಮ್ಮ ಸೀಮೆಯ ಯಾವ ಓಣಿಯಲ್ಲಾದರೂ ಕೇಳಬಹುದಾದ ಈ ಎರಡು ಮಾತುಗಳಲ್ಲಿ ‘ಬಾರೋ’, ‘ಲೆಂಡ್’ಗಳ ಸಮಸ್ತ ವ್ಯಾಕರಣವೂ ಅಡಗಿದೆ. ‘ಇಸ್ಕೊಂಡು’ ಎಂಬ ರೂಪವನ್ನು ಬಿಡಿಸಿ ನೋಡಿರಿ. ‘ಈ’ ಎಂಬುದು ಕೊಡು ಎಂಬರ್ಥದ ಪ್ರಾಚೀನ ಧಾತು. ಅದಕ್ಕೆ ‘ಇಸು’ ಪ್ರತ್ಯಯ ಹತ್ತಿ ‘ಈಸು’ ಎಂದಾದಾಗ ಕೊಡುವಂತೆ ಮಾಡು ಎಂಬ ಪ್ರೇರಣಾರ್ಥ ಬಂತು. ಅದರ ಮೇಲೆ ‘ಕೊಳ್ಳು’ ಸೇರಿ, ತನಗೆ ಕೊಡುವಂತೆ ಮಾಡು ಎಂಬ ಆತ್ಮಾರ್ಥವು ಸಿದ್ಧಿಸಿತು. ಕೊಡುವವನ ಕ್ರಿಯಾಪದದಿಂದಲೇ ಪಡೆಯುವವನ ಕ್ರಿಯಾಪದವನ್ನು ಕನ್ನಡವು ಎರಡು ಹೆಜ್ಜೆಗಳಲ್ಲಿ ಕಟ್ಟಿಕೊಂಡಿತು. ಪ್ರೇರಣಾರ್ಥ, ಆತ್ಮಾರ್ಥಗಳೆಂಬ ಹೆಸರುಗಳನ್ನು ಕೇಳದ, ಅಕ್ಷರವನ್ನೇ ಅರಿಯದ ತಾಯಂದಿರು ಈ ರಚನೆಯನ್ನು ಶತಮಾನಗಳಿಂದ ತಪ್ಪಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ‘ಬಾರೋ’ ಎಂಬುದು ನಮ್ಮ ‘ಇಸ್ಕೊಳ್ಳು’, ‘ಲೆಂಡ್’ ಎಂಬುದು ನಮ್ಮ ‘ಕಡಾ ಕೊಡು’ ಎಂದು ಆ ಹುಡುಗಿಗೆ ಒಮ್ಮೆ ಹೇಳಿದರೆ ಅವಳು ಮತ್ತೆ ಮರೆಯಲಾರಳು. ಸಾಲ ತೆಗೆದುಕೊ ಎಂಬ ಪುಸ್ತಕದ ಅರ್ಥವಾದರೋ ಅವಳ ಪೆನ್ನಿಗೆ ಹೊಂದುವುದೇ ಇಲ್ಲ. ಪೆನ್ನನ್ನು ಯಾರೂ ಸಾಲ ತರುವುದಿಲ್ಲ.

ಕೊಡುವ ಕೊಳ್ಳುವ ಈ ಒಂದು ವ್ಯವಹಾರದ ಮೇಲೆ ಭಾರತೀಯ ವೈಯಾಕರಣರು ಇಟ್ಟ ದೃಷ್ಟಿಯನ್ನು ನೆನೆದರೆ ನನಗೆ ಅವರ ಮೇಲಿನ ಗೌರವ ಇಮ್ಮಡಿಸುತ್ತದೆ. ಸಾಲವನ್ನು ಹೊತ್ತಿರು ಎಂಬರ್ಥದ ಧಾತುವಿನ ಯೋಗದಲ್ಲಿ ಸಾಲಕೊಟ್ಟವನಿಗೆ ಸಂಪ್ರದಾನಸಂಜ್ಞೆ ಬರುವುದೆಂದು ಪಾಣಿನಿ ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ಮಾಡಿದನು. ಸಾಲಕೊಟ್ಟವನಿಗೆ ಅಲ್ಲಿ ಉತ್ತಮರ್ಣನೆಂದು ಹೆಸರು, ಪಡೆದವನು ಅಧಮರ್ಣ. ಬ್ಯಾಡಗಿಯ ರೈತನು “ಅವರಿಗೆ ಐದ್ ಸಾವಿರ ಕೊಡೋದೈತ್ರಿ” ಎನ್ನುವಾಗ, ಹಣ ಕೊಟ್ಟಿದ್ದ ಆ ‘ಅವರಿಗೆ’ ಚತುರ್ಥೀ ವಿಭಕ್ತಿಯನ್ನು ಹಚ್ಚಿ ಪಾಣಿನಿಯ ಸೂತ್ರಕ್ಕೆ ಉದಾಹರಣೆಯನ್ನೇ ನುಡಿಯುತ್ತಾನೆ. ಇನ್ನು ತಮಿಳಿನ ತೊಲ್ಕಾಪ್ಪಿಯಂ ಎಂಬ ಪ್ರಾಚೀನ ವ್ಯಾಕರಣವು, ಬೇಡುವವನು ಕೆಳಗಿನವನಾದರೆ ‘ಈ’ ಎಂದೂ, ಸಮಾನನಾದರೆ ‘ತಾ’ ಎಂದೂ, ಮೇಲಿನವನಾದರೆ ‘ಕೊಡು’ ಎಂದೂ ಕೇಳತಕ್ಕದ್ದೆಂದು ವಿಧಿಸುತ್ತದೆ. ಕನ್ನಡದಲ್ಲಿ ಇಂದು ಆ ತಾರತಮ್ಯ ಉಳಿದಿಲ್ಲ. ‘ತಾ’ ಎಂಬುದು ತರುವುದಕ್ಕೆ ಮೀಸಲಾಯಿತು, ‘ಕೊಡು’ ಎಲ್ಲರದಾಯಿತು, ‘ಈ’ ಎಂಬುದು ಕಾವ್ಯದಲ್ಲಿ ಉಳಿಯಿತು. ಆದರೂ ಗ್ರಂಥಗಳಲ್ಲಿ ಮಾತ್ರ ಬದುಕಿದೆಯೆಂದು ನಾವು ತಿಳಿದಿದ್ದ ಆ ಧಾತುವು ಹಿಟ್ಟಿನ ಬಟ್ಟಲನ್ನು ಹಿಡಿದು ನಿಂತ ಮಗುವಿನ ಬಾಯಲ್ಲಿ ಇನ್ನೂ ಉಸಿರಾಡುತ್ತಿರುವುದು ಎಷ್ಟು ಸಂತೋಷದ ಸಂಗತಿ!

ತಪ್ಪಿನ ಇನ್ನೊಂದು ಬೇರು ವಿಭಕ್ತಿಯಲ್ಲಿದೆ. ‘ಬಾರೋ’ ಆದ ಮೇಲೆ ‘ಫ್ರಮ್’ ಬರಬೇಕಾದಲ್ಲಿ ನಮ್ಮ ಮಕ್ಕಳು ‘ನಿಯರ್’ ಎಂದೋ ‘ವಿತ್’ ಎಂದೋ ಬರೆಯುವುದನ್ನು ಉತ್ತರಪತ್ರಿಕೆಗಳನ್ನು ತಿದ್ದುವ ಶಿಕ್ಷಕರೆಲ್ಲ ಕಂಡಿರುತ್ತಾರೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. ವ್ಯಾಕರಣದ ಪುಸ್ತಕಗಳಲ್ಲಿ ಪಂಚಮಿಗೆಂದು ಹೇಳುವ ‘ದೆಸೆಯಿಂದ’ ಎಂಬುದನ್ನು ಪೇಟೆಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಆಡುವುದಿಲ್ಲ. ನಾವು ಗೌಡರ ಹತ್ತಿರ ತಂದೆವು ಎನ್ನುತ್ತೇವೆ, ಶೆಟ್ಟರ ಕಡೆ ಇಸ್ಕೊಂಡೆವು ಎನ್ನುತ್ತೇವೆ. ಮನುಷ್ಯನಿಂದ ವಸ್ತು ಅಗಲಿತು ಎಂಬುದಕ್ಕಿಂತ, ಆ ಮನುಷ್ಯನ ಬಳಿಗೆ ನಾವು ಹೋಗಿದ್ದೆವು ಎಂಬುದು ಕನ್ನಡದ ಕಣ್ಣಿಗೆ ಮುಖ್ಯವಾಗಿ ಕಾಣುತ್ತದೆ. ಅಪಾದಾನವನ್ನು ಅಧಿಕರಣವಾಗಿ ನೋಡುವ ಈ ಬಗೆಯು ನಮ್ಮ ನುಡಿಗೆ ಸಹಜವಾದುದು, ಅದರಲ್ಲಿ ಕುಂದೇನೂ ಇಲ್ಲ. ‘ನಿಯರ್’ ಎಂದು ಬರೆದ ಮಗುವಿಗೆ ಕೆಂಪು ಗೀಟು ಹಾಕಿ ಸುಮ್ಮನಾಗುವ ಬದಲು, ಕನ್ನಡವು ನಿಂತ ಸ್ಥಳವನ್ನು ಹೇಳುತ್ತದೆ, ಇಂಗ್ಲಿಷು ಹೊರಟ ಸ್ಥಳವನ್ನು ಹೇಳುತ್ತದೆ ಎಂಬೊಂದು ಮಾತನ್ನು ಆಡಲು ಎಷ್ಟು ಹೊತ್ತು ಬೇಕು?

ಇಂಗ್ಲಿಷು ದಿಕ್ಕನ್ನು ನೋಡಿ ಪದವನ್ನು ಆರಿಸುತ್ತದೆಯಾದರೆ, ಕನ್ನಡವು ವಸ್ತುವಿನ ಗತಿಯನ್ನು ನೋಡಿ ಆರಿಸುತ್ತದೆ. ನೇಗಿಲು, ಕೊಡಲಿ, ಪುಸ್ತಕ, ಮದುವೆಗೆಂದು ತಂದ ಆಭರಣ, ಇವು ಎರವಲು. ತಂದ ವಸ್ತುವನ್ನೇ ತಿರುಗಿ ಒಪ್ಪಿಸಬೇಕು. ಜೋಳ, ಹಿಟ್ಟು, ಸಕ್ಕರೆ, ಇವು ಕಡ. ತಂದುದು ಉಂಡು ಮುಗಿಯುತ್ತದೆ, ಅಷ್ಟೇ ಅಳತೆಯ ಬೇರೊಂದನ್ನು ಹಿಂದಿರುಗಿಸಬೇಕು. ಹಣವಾದರೆ ಸಾಲ, ಅದಕ್ಕೆ ಬಡ್ಡಿಯುಂಟು. ದಣಿದ ಮೈಯ ದುಡಿಮೆಯಾದರೆ ಮುಯ್ಯಿ, ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಭೂಮಿಯಾದರೆ ಲಾವಣಿ. ಎರವಲಿಗೂ ಕಡಕ್ಕೂ ಇರುವ ಈ ಅಂತರವನ್ನು ರೋಮನ್ ನ್ಯಾಯಶಾಸ್ತ್ರಜ್ಞರು ‘ಕೊಮೊಡಾಟುಮ್’, ‘ಮೂಟುಉಮ್’ ಎಂಬ ಎರಡು ಕರಾರುಗಳನ್ನಾಗಿ ವಿಂಗಡಿಸಿದರು. ಕೌಟಿಲ್ಯನೂ ಬಳಸುವುದಕ್ಕೆಂದು ಬೇಡಿ ತಂದ ವಸ್ತುವಿಗೆ ಯಾಚಿತಕವೆಂಬ ಬೇರೆ ಹೆಸರಿಟ್ಟು ಅದನ್ನು ಋಣದಿಂದ ಪ್ರತ್ಯೇಕವಾಗಿ ವಿಚಾರಿಸಿದನು. ಇಂಗ್ಲಿಷಿನವನು ಕೊಡಲಿಯನ್ನೂ ‘ಬಾರೋ’ ಮಾಡುತ್ತಾನೆ, ಸಕ್ಕರೆಯನ್ನೂ ‘ಬಾರೋ’ ಮಾಡುತ್ತಾನೆ, ಹತ್ತು ಲಕ್ಷ ರೂಪಾಯಿಯನ್ನೂ ‘ಬಾರೋ’ ಮಾಡುತ್ತಾನೆ. ಇಂಗ್ಲಿಷ್ ಕಲಿಯುವ ಮಗುವಿಗೆ, ನಿನ್ನ ಭಾಷೆಯಲ್ಲಿ ಇಷ್ಟು ಹೆಚ್ಚಿನ ವಿವೇಕವುಂಟು, ಅವರ ಭಾಷೆಯಲ್ಲಿ ದಿಕ್ಕಿನ ವಿವೇಕ ಹೆಚ್ಚು ಎಂದು ತಿಳಿಸುವುದರಿಂದ ಎರಡು ಭಾಷೆಗಳ ಮೇಲೂ ಅವನಿಗೆ ಸಮಾನವಾದ ಆದರ ಹುಟ್ಟುವುದು.

ಎರಡೂ ಭಾಷೆಗಳ ಪದಗಳು ಸೋಲುವ ಎಡೆಯೂ ಉಂಟು. ರಾಣೆಬೆನ್ನೂರಿನ ಸುತ್ತಮುತ್ತ ಹರಡಿರುವ ಬೀಜೋತ್ಪಾದನೆಯ ಕಸುಬಿನಲ್ಲಿ ಕಂಪನಿಯು ಮೂಲಬೀಜವನ್ನು ರೈತನಿಗೆ ಕೊಡುತ್ತದೆ. ಅವನ ಹೊಲದಲ್ಲಿ ಹೆಣ್ಣುಮಕ್ಕಳು ಹೂವು ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿ ಟೊಮೆಟೊ, ಮೆಣಸಿನಕಾಯಿಗಳ ಸಂಕರಬೀಜವನ್ನು ಕೂಡಿಸುತ್ತಾರೆ. ಬೆಳೆದ ಬೀಜವನ್ನು ಒಪ್ಪಿದ ದರಕ್ಕೆ ಅದೇ ಕಂಪನಿಗೆ ಒಪ್ಪಿಸಬೇಕು. ಮೊದಲು ಬಂದ ಬೀಜವನ್ನು ಎರವಲೆನ್ನೋಣವೇ? ಅದು ಮಣ್ಣು ಸೇರಿತು. ಕಡವೆನ್ನೋಣವೇ? ಹಿಂದಿರುಗಿಸುವುದು ಬೇರೆ ಬಗೆಯ ಬೀಜ. ಹೊಸದಾದ ವ್ಯವಹಾರಕ್ಕೆ ಹಳೆಯ ಧಾತುಗಳು ಇನ್ನೂ ಹೊಂದಿಕೊಂಡಿಲ್ಲ.

‘ಬಾರೋ’ ಎಂಬ ಪದದ ಹುಟ್ಟನ್ನು ಕೆದಕಿದರೆ ನಮ್ಮ ರೈತನಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ ಹೊರಬೀಳುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಬೋರ್ಗ್’ ಎಂದರೆ ಒತ್ತೆ ಅಥವಾ ಜಾಮೀನು. ಒತ್ತೆಯಿಟ್ಟು ಪಡೆಯುವುದೇ ಆ ಕ್ರಿಯಾಪದದ ಮೂಲಾರ್ಥ. ‘ಲೆಂಡ್’ ಎಂಬುದಾದರೋ ಕೊಟ್ಟ ಸಾಲವೆಂಬರ್ಥದ ನಾಮಪದದಿಂದ ಹುಟ್ಟಿದುದು, ಅದರ ಕೊನೆಯ ಡಕಾರವು ಎಷ್ಟೋ ಕಾಲದ ಮೇಲೆ ಬಂದು ಸೇರಿಕೊಂಡಿತು. ಪಡೆಯುವವನ ಪದದಲ್ಲಿ ಮಾತ್ರ ಒತ್ತೆಯ ನೆನಪು ಉಳಿದಿದೆ, ಕೊಡುವವನ ಪದದಲ್ಲಿಲ್ಲ. ದರ ಕುಸಿದಾಗ ಬ್ಯಾಡಗಿಯ ರೈತನು ಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಅದರ ರಸೀತಿಯನ್ನು ಬ್ಯಾಂಕಿಗೆ ಒಪ್ಪಿಸಿ ಹಣ ತರುವುದುಂಟು; ಆಗ ಅವನು ಆ ಪದದ ಆದಿಮ ಅರ್ಥದಲ್ಲಿಯೇ ‘ಬಾರೋವರ್’ ಆಗುತ್ತಾನೆ. ಅವನ ಮುಂದೆ ಬಂದು ಕೂರುವ ಕರಾರುಪತ್ರವು ಪುಟಗಟ್ಟಲೆ ಇಂಗ್ಲಿಷಿನಲ್ಲಿರುತ್ತದೆ. ‘ಲೆಂಡರ್’ ಏನೇನು ಮಾಡಬಹುದು, ‘ಬಾರೋವರ್’ ಏನೇನು ಮಾಡಲೇಬೇಕು, ‘ಗ್ಯಾರಂಟರ್’ ಎಷ್ಟಕ್ಕೆ ಹೊಣೆ ಎಂಬುದೆಲ್ಲ ಅದರಲ್ಲಿ ವಾಕ್ಯವಾಕ್ಯಕ್ಕೂ ಕರ್ತೃವನ್ನು ಬದಲಿಸುತ್ತ ಸಾಗುತ್ತದೆ. ಇಲ್ಲಿ ಯಾವುದು ಕರ್ತೃ, ಯಾವುದು ಸಂಪ್ರದಾನ ಎಂಬುದು ತಿಳಿಯದಿದ್ದರೆ ನಷ್ಟವಾಗುವುದು ಪರೀಕ್ಷೆಯ ಒಂದು ಅಂಕವಲ್ಲ. ಆ ಪತ್ರವನ್ನು ಓದಿ ಹೇಳೆಂದು ರೈತನು ತನ್ನ ಹತ್ತನೆಯ ತರಗತಿಯ ಮಗನ ಕೈಗೇ ಕೊಡುತ್ತಾನೆ. ಸಾಲವನ್ನು ಪಡೆಯುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಅಕ್ಕಪಕ್ಕದಲ್ಲಿಟ್ಟು ಹಾಡಿದ ಸರ್ವಜ್ಞನ ಹೆಸರು ಇದೇ ಹಾವೇರಿ ಜಿಲ್ಲೆಯ ಅಬಲೂರು, ಮಾಸೂರುಗಳೊಡನೆ ಬೆಸೆದುಕೊಂಡಿದೆ. ಕೃಷಿಕರಿಗಾಗಿ ಭಾರತದಲ್ಲಿ ಮೊದಮೊದಲು ಹುಟ್ಟಿದ ಪತ್ತಿನ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ತಲೆಯೆತ್ತಿದುದೂ ಆಗಿನ ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಗದಗಕ್ಕೆ ಸೇರಿದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ. ಸಾಲದ ಹದವನ್ನೂ ಹಂಗನ್ನೂ ಇಷ್ಟು ಹಿಂದಿನಿಂದ ಬಲ್ಲ ನಾಡಿನ ಜನರಿಗೆ ಸಾಲದ ಪತ್ರವನ್ನು ಅವರು ಅರಿಯದ ಭಾಷೆಯಲ್ಲಿ ಬರೆದು ಮುಂದಿಡುವುದು ನ್ಯಾಯವೆಂದು ನಾನು ಒಪ್ಪಲಾರೆನು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೇಳಿಸಕೂಡದು, ಕೇಳಿಸಿದರೆ ಮಗುವಿನ ಇಂಗ್ಲಿಷು ಕೆಡುವುದು ಎಂಬೊಂದು ನಂಬಿಕೆ ಇಂದು ಊರೂರಿನಲ್ಲಿಯೂ ಬೇರೂರಿದೆ. ಮಗುವು ಹೆಚ್ಚು ಹೆಚ್ಚು ಇಂಗ್ಲಿಷನ್ನು ಕೇಳಬೇಕು, ಆಡಬೇಕು ಎಂಬುದರಲ್ಲಿ ಸತ್ಯವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು 2007ರಲ್ಲಿ ತೊಡಗಿದಾಗ, ಬಡವರ ಮಕ್ಕಳಿಗೂ ಆ ಬಾಗಿಲು ತೆರೆಯಲೆಂಬ ಸದಾಶಯವೇ ಅದರ ಹಿಂದಿದ್ದಿತು. ಆದರೆ ಕೇಳುವುದರಿಂದ ಬರುವ ಜ್ಞಾನಕ್ಕೆ ದಿನವಿಡೀ ಕೇಳುವ ಪರಿಸರ ಬೇಕು. ಬ್ಯಾಡಗಿ ತಾಲೂಕಿನ ಹಳ್ಳಿಯ ಮಗುವಿಗೆ ದೊರೆಯುವುದು ದಿನಕ್ಕೊಂದು ಪೀರಿಯಡ್ಡು. ಅಷ್ಟು ಅಲ್ಪವಾದ ಕಾಲದಲ್ಲಿ, ಅದು ಹತ್ತು ವರ್ಷಗಳಿಂದ ಗಳಿಸಿಟ್ಟ ಕನ್ನಡದ ಜ್ಞಾನವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಎನ್ನುವುದು ಅಪವ್ಯಯದ ಪರಾಕಾಷ್ಠೆ.

ಈ ಮಾತಿಗೆ ಸಾಕ್ಷಿಯಾಗಿ ನಮ್ಮ ಜಿಲ್ಲೆಯ ಮಗನೊಬ್ಬನನ್ನೇ ಕರೆಯಬಲ್ಲೆವು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾದರು; ಇಡೀ ದೇಶದ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸಲೆಂದು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆದರು. ಅದೇ ಗೋಕಾಕರು 1981ರಲ್ಲಿ ಸರಕಾರಕ್ಕೊಪ್ಪಿಸಿದ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮಭಾಷೆಯಾಗಿರಬೇಕೆಂದು ಶಿಫಾರಸು ಮಾಡಿದರು. ಅದರ ಜಾರಿಗಾಗಿ ನಾಡೇ ಎದ್ದು ನಿಂತುದು ಎಲ್ಲರಿಗೂ ತಿಳಿದ ಇತಿಹಾಸ. ಭಾರತದಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂಬುದನ್ನು ಅವರಿಗಿಂತ ಹತ್ತಿರದಿಂದ ಕಂಡವರು ವಿರಳ. ಅಂಥವರಿಗೆ ಕನ್ನಡದ ಪ್ರಾಥಮ್ಯದಿಂದ ಇಂಗ್ಲಿಷು ಸೊರಗುವುದೆಂಬ ಭಯ ಕಾಡಲಿಲ್ಲ. 2023ರ ಜನವರಿಯಲ್ಲಿ ಹಾವೇರಿಯು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿದಾಗ ಕನ್ನಡದ ಉಳಿವಿನ ಬಗ್ಗೆ ಆಡಿದ ಮಾತುಗಳೆಲ್ಲ ಒಳ್ಳೆಯವೇ. ಅವುಗಳಲ್ಲಿ ಒಂದಿಷ್ಟು ಇಂಗ್ಲಿಷ್ ತರಗತಿಯ ಹಲಗೆಯವರೆಗೆ ಬಂದು ಮುಟ್ಟಬೇಕೆಂಬುದು ನನ್ನ ಆಶಯ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಕೊಡು-ಇಸ್ಕೊಳ್ಳು ಎಂಬಂತೆಯೇ ಕಲಿಸು-ಕಲಿ, ಮಾರು-ಕೊಳ್ಳು, ಒಯ್ಯು-ತಾ ಮೊದಲಾದ ಜೋಡಿಗಳನ್ನು ಜಿಲ್ಲೆಯ ಶಿಕ್ಷಕರೇ ಕುಳಿತು ಕಲೆಹಾಕಿ, ಪ್ರತಿಯೊಂದರಲ್ಲಿಯೂ ಕರ್ತೃ ಯಾರು, ಯಾವ ವಿಭಕ್ತಿ, ಇಂಗ್ಲಿಷಿನಲ್ಲಿ ಯಾವ ಉಪಸರ್ಗ ಎಂಬುದನ್ನು ಆಡುಮಾತಿನ ಉದಾಹರಣೆಗಳೊಡನೆ ನಾಲ್ಕಾರು ಪುಟಗಳಲ್ಲಿ ಬರೆದರೆ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಗಳಿಗೆಲ್ಲ ಅದು ಒದಗುವುದು. ಎಂಟನೆಯ ತರಗತಿಯ ಮೇಲಿನ ಮಕ್ಕಳಿಗೆ ಒಂದು ಬ್ಯಾಂಕಿನ ಸಾಲದ ಅರ್ಜಿಯನ್ನೂ ಒಂದು ಕೋಲ್ಡ್ ಸ್ಟೋರೇಜಿನ ರಸೀತಿಯನ್ನೂ ಪಾಠವಾಗಿಯೇ ಓದಿಸಬಹುದು. ಬ್ಯಾಂಕುಗಳೂ ಸಂಘಗಳೂ ತಮ್ಮ ಕರಾರುಪತ್ರದ ಎಡಗಡೆಗೆ ಇಂಗ್ಲಿಷನ್ನೂ ಬಲಗಡೆಗೆ ಕನ್ನಡವನ್ನೂ ಅಚ್ಚುಮಾಡಿಸಲಿ. ‘ಬಾರೋವರ್’ ಎಂದಿರುವ ಸಾಲಿಗೆ ಎದುರಾಗಿ ಸಾಲ ಪಡೆದವರು ಎಂದೂ, ‘ಲೆಂಡರ್’ ಎಂದಿರುವಲ್ಲಿ ಸಾಲ ಕೊಟ್ಟವರು ಎಂದೂ ಸ್ಪಷ್ಟವಾಗಿ ಬರೆದಿರಲಿ. ಸಹಿಯನ್ನು ಕನ್ನಡದ ಪಾಠದ ಕೆಳಗೆಯೇ ಪಡೆಯಲಿ.